ಅರಮನೆ ನೋಡಿ ಆಯಿತೇ? ಇನ್ನು ಕಿಕ್ಕೇರಿ ದಾರಿ ಹಿಡಿಯಿರಿ

ಮೈಸೂರಿಗೆ ಬಂದವರು ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ನೋಡಿಕೊಂಡು ವಾಪಸಾಗುತ್ತಾರೆ. ಇನ್ನೊಂದು ದಿನ ಕೈಯಲ್ಲಿದ್ದರೆ ಪಾಂಡವಪುರ, ಕೆ.ಆರ್.ಪೇಟೆ ಕಡೆಗೆ ಹೊರಡಿ. ಹೊಯ್ಸಳರ ಕೆತ್ತನೆಯ ಎದುರು ನೂಕುನುಗ್ಗಲಿಲ್ಲದೆ ನಿಲ್ಲುವ ಭಾಗ್ಯ ಈ ದಾರಿಯಲ್ಲಿದೆ.

ಮೊದಲು, ಊರುಗಳನ್ನು ಕಡಿಮೆ ಮಾಡಿ. ಮೇಲುಕೋಟೆ, ಶ್ರವಣಬೆಳಗೊಳ ಹತ್ತಿರವೇ ಇವೆಯೆಂದು ಅದೇ ದಿನಕ್ಕೆ ಸೇರಿಸಿದರೆ ಯಾವುದನ್ನೂ ನೋಡಿದಂತಾಗದು. ಸ್ವಂತ ವಾಹನವಿದ್ದವರು ಬೆಳಿಗ್ಗೆಯೇ ಕೆರೆ ತೊಣ್ಣೂರಿನ ನಂಬಿನಾರಾಯಣನ ಗುಡಿಗೆ ಹೋಗಿ, ಪಕ್ಕದ ಕೆರೆ ಏರಿ ಮೇಲೆ ಸ್ವಲ್ಪ ನಡೆದಾಡಿ. ನೀರು ತಿಳಿಯಾಗಿ ಕಂಡರೂ ಆಳವಿದೆ, ಈಜಲು ಇಳಿಯಬೇಡಿ. ಬಸ್ಸಿನವರು ತೊಣ್ಣೂರು ಬಿಟ್ಟು ನೇರ ಕೆ.ಆರ್.ಪೇಟೆಗೆ ಬರುವುದು ಒಳ್ಳೆಯದು. ಅಲ್ಲಿ ಆಟೋ ಹಿಡಿಯುವಾಗ ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮಾತಾಡಿಕೊಳ್ಳಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿಗೆ. ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ಗುಡಿ. ಒಳಗೆ ಹೋಗುವ ಮುನ್ನ ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ಪ್ರದಕ್ಷಿಣೆ ಹಾಕಿ. ಗೋಡೆಯ ಬುಡದಲ್ಲಿ ಕೆಳಗಿನಿಂದ ಆನೆಗಳ ಸಾಲು, ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಮಕರ, ಹಂಸ. ಆ ನಾಲ್ಕನೆಯ ಸಾಲನ್ನು ಕಣ್ಣಿನ ಮಟ್ಟಕ್ಕೆ ಬಗ್ಗಿ ಓದುತ್ತಾ ಹೋಗಿ. ರಾಮಾಯಣ, ಭಾರತ ಗೊತ್ತಿರುವ ಅಜ್ಜಿ ಜೊತೆಗಿದ್ದರೆ ಬೇರೆ ಗೈಡು ಬೇಡ. ಮಕ್ಕಳಿಗೆ ಕಥೆ ಹೇಳಲು ಅವರನ್ನೇ ಮುಂದೆ ಬಿಡಿ.

ಬಾಗಿಲು ಹಾಕಿದ್ದರೆ ಬೇಸರಪಟ್ಟು ತಿರುಗಬೇಡಿ. ಹಳ್ಳಿ ಗುಡಿಗಳಲ್ಲಿ ಪೂಜೆ ಮುಗಿದ ಮೇಲೆ ಬೀಗ ಹಾಕುವುದು ವಾಡಿಕೆ. ಜಗಲಿ ಮೇಲೆ ಕೂತವರನ್ನು “ಅಣ್ಣ, ಅಯ್ನೋರ ಮನೆ ಯಾವ್ದು?” ಎಂದು ಕೇಳಿ. ದೂರದಿಂದ ಗುಡಿ ನೋಡಲೆಂದೇ ಬಂದಿದ್ದೀರೆಂದು ತಿಳಿದರೆ ಜನ ಮುತುವರ್ಜಿಯಿಂದ ದಾರಿ ತೋರಿಸುತ್ತಾರೆ. ಬಾಗಿಲು ತೆಗೆದ ಅರ್ಚಕರ ಮಂಗಳಾರತಿ ತಟ್ಟೆಗೆ ಕೈಲಾದದ್ದು ಹಾಕಿ.

ಮುಂದೆ ಗೋವಿಂದನಹಳ್ಳಿ. ಇಲ್ಲಿನ ಪಂಚಲಿಂಗೇಶ್ವರ ದೇವಾಲಯದಲ್ಲಿ ಐದು ಗರ್ಭಗುಡಿ, ಐದು ಶಿಖರ ಒಂದೇ ಸಾಲಿನಲ್ಲಿವೆ. ಇಡೀ ಸಾಲು ಕಾಣಬೇಕಾದರೆ ದೂರ ಸರಿದು ನಿಲ್ಲಬೇಕು. ಕೊನೆಗೆ ಕಿಕ್ಕೇರಿ: 1171ರಲ್ಲಿ ಬಮ್ಮವೆ ನಾಯಕಿತಿ ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯ. ಕಟ್ಟಿಸಿದ ಹೆಣ್ಣುಮಗಳ ಹೆಸರು ಉಳಿದುಬಂದಿರುವ ಈ ಗುಡಿಯನ್ನು ನಮ್ಮ ಶಾಲಾ ಪ್ರವಾಸಗಳು ಬಿಟ್ಟುಹೋಗಬಾರದು. ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದೂ ಇದೇ ಊರಲ್ಲಿ, 1915ರಲ್ಲಿ.

ದಾರಿಯಲ್ಲಿ ಆಲೆಮನೆಯ ಹೊಗೆ ಕಂಡರೆ ಕೇಳಿಕೊಂಡು ಒಳಗೆ ಹೋಗಿ. ಕುದಿಯುವ ಕೊಪ್ಪರಿಗೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಬೆಲ್ಲ ಕೊಳ್ಳುವುದಾದರೆ ಫಳಫಳ ಹೊಳೆಯುವ ತಿಳಿಹಳದಿ ಅಚ್ಚಿಗಿಂತ ಕಂದು ಬಣ್ಣದ್ದನ್ನೇ ಆರಿಸಿ. ಊಟಕ್ಕೆ ಕೆ.ಆರ್.ಪೇಟೆಯೇ ವಾಸಿ. ಅಲ್ಲಿ ಇಳಿದ ಕೂಡಲೇ ಮೈಸೂರಿಗೆ ಸಂಜೆಯ ಬಸ್ಸುಗಳ ಹೊತ್ತನ್ನು ನಿಲ್ದಾಣದಲ್ಲಿ ವಿಚಾರಿಸಿಟ್ಟುಕೊಳ್ಳಿ.