ಬೋಯಿಂಕ್‌ಗೆ ಇಂಟೆಲ್ ಜಿಪಿಯು ಕಾಣದಿದ್ದಾಗ: ನನ್ನ ಅನುಭವ

ಹಾಸನದ ನಮ್ಮ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಇಂಟೆಲ್ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ ಅಷ್ಟೇ. ಅದೂ ಐನ್‌ಸ್ಟೈನ್ ಅಟ್ ಹೋಮ್ ಅನ್ನೋ ಖಗೋಳ ಸಂಶೋಧನಾ ಯೋಜನೆಗೆ ದುಡಿಯಲಿ ಅಂತ ಬೋಯಿಂಕ್ ಹಾಕಿದೆ. ಮನೆ ಕಂಪ್ಯೂಟರ್‌ನ ಬಿಡುವಿನ ಶಕ್ತಿಯನ್ನು ಇಂಥ ಯೋಜನೆಗಳಿಗೆ ಕೊಡೋ ತಂತ್ರಾಂಶ ಅದು. 2005ರಲ್ಲಿ ಶುರುವಾದ ಈ ಯೋಜನೆ ನಮ್ಮಂಥವರ ಮನೆ ಕಂಪ್ಯೂಟರ್‌ಗಳಿಂದಲೇ ಹೊಸ ಪಲ್ಸಾರ್‌ಗಳನ್ನು (ವೇಗವಾಗಿ ತಿರುಗೋ, ಸತ್ತ ನಕ್ಷತ್ರಗಳ ಉಳಿಕೆ) ಪತ್ತೆ ಮಾಡಿದೆ. ನನಗೆ ಆಸೆ ಹುಟ್ಟಿಸಿದ್ದು ಅದೇ.

ಆದರೆ ಬೋಯಿಂಕ್ ಬರೆದಿಡೋ ಲಾಗ್‌ನಲ್ಲಿ ಪ್ರತಿ ಸಲವೂ ಒಂದೇ ಸಾಲು: ಬಳಸಬಹುದಾದ ಜಿಪಿಯು ಸಿಗಲಿಲ್ಲ. ಲಿನಕ್ಸ್‌ನಲ್ಲಿ ಇಂಟೆಲ್‌ನ ಓಪನ್‌ಸಿಎಲ್ ಡ್ರೈವರ್ (ಗ್ರಾಫಿಕ್ಸ್ ಚಿಪ್‌ನಿಂದ ಲೆಕ್ಕ ಮಾಡಿಸೋಕೆ ಬೇಕಾದದ್ದು) ಹಾಕಿದೆ. ಆ ಡ್ರೈವರ್‌ಗೆ ಯಾವ ಚಿಪ್ ಕಾಣುತ್ತೆ ಅಂತ ತೋರಿಸೋ ಸಿಎಲ್‌ಇನ್ಫೋ ಕಮಾಂಡ್ ಓಡಿಸಿದರೆ ಚಿಪ್‌ನ ಹೆಸರು ನೀಟಾಗಿ ಬಂತು. ಬೋಯಿಂಕ್‌ಗೆ ಮಾತ್ರ ಕಾಣಲೊಲ್ಲದು. ಎರಡು ರಾತ್ರಿ ಡ್ರೈವರ್ ತೆಗೆದು ಹಾಕಿ ಮಾಡಿದ್ದೇ ಬಂತು.

ಗುಟ್ಟು ಇದ್ದದ್ದು ಅನುಮತಿಯಲ್ಲಿ. ಸಿಎಲ್‌ಇನ್ಫೋ ಓಡಿಸಿದ್ದು ನಾನು. ಬೋಯಿಂಕ್ ಓಡೋದು ‘ಬೋಯಿಂಕ್’ ಅನ್ನೋ ಬೇರೆ ಬಳಕೆದಾರನ ಹೆಸರಲ್ಲಿ. ಗ್ರಾಫಿಕ್ಸ್ ಚಿಪ್‌ನ ಡಿವೈಸ್ ಫೈಲ್ ತೆರೆಯೋ ಹಕ್ಕು ‘ರೆಂಡರ್’ ಅನ್ನೋ ಬಳಕೆದಾರರ ಗುಂಪಿಗೆ. ಯೂಸರ್‌ಮಾಡ್ ಕಮಾಂಡ್‌ನಿಂದ ಆ ಬಳಕೆದಾರನನ್ನು ಗುಂಪಿಗೆ ಸೇರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಆ ಕಮಾಂಡ್‌ನಲ್ಲಿ ‘-G’ ಜೊತೆ ‘-a’ ಹಾಕೋದು ಮರೆಯಬೇಡಿ, ಮರೆತರೆ ಆ ಬಳಕೆದಾರ ಇದ್ದ ಹಳೇ ಗುಂಪುಗಳೆಲ್ಲ ಹೋಗ್ತವೆ. ಲಾಗ್ ತೆರೆದರೆ ಇಂಟೆಲ್ ಜಿಪಿಯು ಅಂತ ಬಂದೇ ಬಿಡ್ತು! ಎಷ್ಟು ಖುಷಿಯಾಯ್ತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಇನ್ನೊಂದು ಮಾತು. ಈ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ. ರ‍್ಯಾಮೂ ಕರೆಂಟೂ ಪ್ರೊಸೆಸರ್ ಜೊತೆ ಹಂಚಿಕೊಳ್ಳುತ್ತೆ. ನಾಲ್ಕೂ ಕೋರ್‌ಗೆ ಕೆಲಸ ಕೊಟ್ಟಾಗ ಜಿಪಿಯು ಕೆಲಸ ತೆವಳುತ್ತಿತ್ತು. ಪ್ರೊಸೆಸರ್ ಬಳಕೆ ಶೇ 75ಕ್ಕೆ ಇಳಿಸಿ ಒಂದು ಕೋರ್ ಬಿಟ್ಟ ಮೇಲೆ ಸರಾಗ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬರುತ್ತಲ್ಲ, ಬ್ಯಾಟರಿಯಲ್ಲಿದ್ದಾಗ ನಿಲ್ಲಿಸೋ ಆಯ್ಕೆಗೂ ಟಿಕ್ ಹಾಕಿಟ್ಟಿದ್ದೇನೆ.