ಬೀರು ಹಿಂದಿನ ಬೂಷ್ಟಿಗೆ ಕೊನೆಗೂ ಸುಣ್ಣವೇ ಗತಿಯಾಯಿತು

ಎರಡು ಮಳೆಗಾಲ ಕಳೆಯಿತು, ಬೀರು ಹಿಂದಿನ ಗೋಡೆಯಲ್ಲಿ ಒಂದು ಕರಿ ಚುಕ್ಕೆ ಇಲ್ಲ. ‘ಈ ಕಾಲದಲ್ಲಿ ಸುಣ್ಣಾನಾ ಸಾರ್?’ ಎಂದು ನಕ್ಕ ಪೇಂಟರ್‌ಗಳು ಓದಲಿ.

ಮೊದಲು ದುಡ್ಡು ಹೋದ ಲೆಕ್ಕ. ಒಳಗಡೆಯಿಂದ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ, 18 ಸಾವಿರದ ಹತ್ತಿರ. ಗೋಡೆಯೊಳಗಿನ ನೀರಿಗೆ ದಾರಿಯಿಲ್ಲದೆ ಆಗಸ್ಟ್ ಹೊತ್ತಿಗೆ ಪೇಂಟು ಹಪ್ಪಳದ ಹಾಗೆ ಉಬ್ಬಿತು. ಉಗುರಲ್ಲಿ ಕೆರೆದರೆ ಹಿಂದೆ ಬಿಳಿ ಉಪ್ಪು, ಹಸಿ ಪುಟ್ಟಿ. ಬ್ಲೀಚು ಕಲೆ ತೆಗೆಯಿತೇ ಹೊರತು ತೇವ ತೆಗೆಯಲಿಲ್ಲ. ಮೂರು ವಾರಕ್ಕೆ ಬೂಷ್ಟು ವಾಪಸ್. (ಬ್ಲೀಚ್ ಬಳಿದ ಕಡೆ ಟಾಯ್ಲೆಟ್ ಆಸಿಡ್ ಸೋಕಿಸಬೇಡಿ, ಕ್ಲೋರಿನ್ ಏಳುತ್ತದೆ.)

ಕಳ್ಳನನ್ನು ಹಿಡಿದುಕೊಟ್ಟದ್ದು ಎರಡಡಿ ಪ್ಲಾಸ್ಟಿಕ್ ಹಾಳೆ. ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಟ್ಟೆ. ಹನಿ ಕೋಣೆ ಕಡೆ ಕೂತರೆ ಗಾಳಿಯ ತೇವ, ಗೋಡೆ ಕಡೆ ಕೂತರೆ ಗೋಡೆಯದು. ಇಲ್ಲಿ ಕೂತದ್ದು ಗೋಡೆ ಕಡೆ. ಹೊರಗೆ, ಕಿಟಕಿಯ ಸಜ್ಜ ಗೋಡೆಗೆ ಸೇರುವಲ್ಲಿ ಕೂದಲೆಳೆ ಬಿರುಕು!

ಅದನ್ನು ಅರ್ಧ ಇಂಚು ‘ವಿ’ ಆಕಾರಕ್ಕೆ ಕೊರೆದು ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಿದೆ, ನೀರು ನಿಲ್ಲದಂತೆ ಇಳಿಜಾರೂ ಕೊಡಿಸಿದೆ. ಕೂಲಿ ಸೇರಿ ನಾಲ್ಕು ಸಾವಿರದೊಳಗೆ. ಫೆಬ್ರವರಿಯಲ್ಲೇ ಮಾಡಿ, ಬೆಂಗಳೂರಲ್ಲಿ ಜೂನ್ ದಾಟಿದರೆ ಅಕ್ಟೋಬರ್‌ವರೆಗೆ ಗೋಡೆ ಒಣಗಲು ಬಿಡುವಿಲ್ಲ. ಒಳಗೆ ಪೇಂಟು, ಪುಟ್ಟಿ ಎರಡನ್ನೂ ಸಿಮೆಂಟ್ ಕಾಣುವವರೆಗೆ ಕೆರೆದು ಎರಡೂವರೆ ತಿಂಗಳು ಬರಿಗೋಡೆ ಬಿಟ್ಟೆ. ಪೇಂಟರ್‌ಗಳಿಗೆ ಇಷ್ಟು ತಾಳ್ಮೆ ಎಲ್ಲಿ?

ಅರಳಿಸಿದ ಸುಣ್ಣವನ್ನು ಹದಿನೈದು ದಿನ ನೆನೆಸಿ, ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡೆ. ಗೋಡೆ ಒದ್ದೆ ಮಾಡಿ, ದಿನಕ್ಕೊಂದರಂತೆ ಮೂರು ಕೈ. ಬಳಿಯುವಾಗ ನೀರಿನಂತೆ ಕಾಣುತ್ತದೆ, ಒಣಗಿದ ಮೇಲೇ ಬಿಳುಪು; ಕಾಣಲಿಲ್ಲವೆಂದು ದಪ್ಪ ಬಳಿದರೆ ಉದುರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ಬಟ್ಟೆಗೆ ಹತ್ತದಿರಲೆಂದು ಕೊನೆ ಕೈಗೆ ಅಡುಗೆಮನೆಯ ಒಂದು ಸಾಮಾನು ಬೆರೆಸಿದೆ, ಅದನ್ನು ಇಲ್ಲಿ ಹೇಳೋಲ್ಲ. ಬಡಗಿಗಳ ಬಿಳಿ ಅಂಟಂತೂ ಅಲ್ಲ. ಒಂದು ಮೂಲೆಗೆ ಹಾಕಿ ನೋಡಿದ್ದೆ, ಪದರ ಪದರ ಎದ್ದಿತು.

ಬೀರು ಒಳಗಿಟ್ಟ ಇದ್ದಿಲು ದಂಡ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಎರಡು ವಾರಕ್ಕೆ ಒಂದು ಲೋಟ ನೀರು ಹಿಡಿಯಿತು, ಆದರೆ ಚೆಲ್ಲಿ ಒಂದು ಚರ್ಮದ ಬೆಲ್ಟು ಸೊರಗಿತು. ಬೀರುವನ್ನು ಮೂರು ಇಂಚು ಮುಂದಕ್ಕೆ ಎಳೆದದ್ದಕ್ಕೆ ಕಾಸೂ ಖರ್ಚಿಲ್ಲ. ಬೀರು ಹಿಂದಿನ ಗಾಳಿಯ ತೇವಾಂಶ ಶೇಕಡಾ 88ರಿಂದ 70ರ ಆಸುಪಾಸಿಗೆ ಇಳಿಯಿತು.