ಏಳು ಫೈಬರ್, ಎರಡು ಫ್ಲಾಟ್: ವಿಜಯಪುರದ ಮಾಳಿಗೆ ಮೇಲಿನ ನನ್ನ ಅನುಭವ

ದೂರದರ್ಶಕದ ಬೆಳಕನ್ನು ಏಳು ಫೈಬರ್‌ಗಳ ಬಂಡಲ್‌ನಿಂದ ಸ್ಪೆಕ್ಟ್ರೋಗ್ರಾಫ್‌ಗೆ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣಕ್ಕೆ, ಒಯ್ಯುತ್ತೇನೆ. ಎಲ್ಲ ಫೈಬರ್ ಒಂದೇ ಸಮ ಬೆಳಕು ದಾಟಿಸುವುದಿಲ್ಲ. ಆ ಏರುಪೇರು ಭಾಗಿಸಿ ತೆಗೆಯಲು ಸಮನಾದ ಬೆಳಕಿನಲ್ಲಿ ತೆಗೆಯುವ ಚಿತ್ರಕ್ಕೇ ಫ್ಲಾಟ್ ಅನ್ನುವುದು.

"ಸಂಜೀ ಬೆಳಕಿನ್ಯಾಗ ಬರೇ ಸೂರ್ಯನ ಗೆರಿ ಇರ್ತಾವ, ಅದ್ರಾಗ ಎಂಥಾ ಫ್ಲಾಟ್ ತಗೀತೀರಿ?" ಅಂತ ನಮ್ಮ ಗೆಳೆಯರೆಲ್ಲ ನಕ್ಕಿದ್ದರು. ಸೂರ್ಯನ ಬೆಳಕನ್ನು ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳ ಮಾತು ಅದು. ಈಗ ಏಳೂ ಫೈಬರ್ ಸುಮಾರು ಎರಡು ಪರ್ಸೆಂಟ್ ಒಳಗೆ ಸಮ ಬಂದಿವೆ. ಮೊದಲು ಮೂವತ್ತರ ತನಕ ವ್ಯತ್ಯಾಸ ಇತ್ತು.

ನನ್ನದು 8 ಇಂಚಿನ ಎಫ್/5 ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ; ಎಫ್/5 ಅಂದರೆ ಫೋಕಸ್ ದೂರ ಕನ್ನಡಿಯ ಅಗಲದ ಐದು ಪಟ್ಟು), 200 ಮೈಕ್ರಾನ್ ಕೋರಿನ (ಬೆಳಕು ಹರಿಯುವ ಒಳತಿರುಳಿನ) ಫೈಬರ್. ಕೇಬಲ್‌ನವರ ಹತ್ತಿರ ಪುಕ್ಕಟೆ ಸಿಗುತ್ತದಲ್ವಾ ಅನ್ನಬೇಡಿ, ಅದರ ಕೋರ್ ಬರೀ 9 ಮೈಕ್ರಾನ್. ನನಗೆ ಫೈಬರಿಗೇ ಆರೇಳು ಸಾವಿರ ಹೋಯಿತು.

ಮೊದಲು ದೀಪ ಒಂದರಲ್ಲೇ ಮುಗಿಸಲು ನೋಡಿದೆ. 12 ವೋಲ್ಟಿನ ಹ್ಯಾಲೊಜನ್, ಫೈಬರ್ ಮುಂದೆ ಟ್ರೇಸಿಂಗ್ ಪೇಪರ್. ನಮ್ಮ ಓಣಿಯ ಕರೆಂಟು ಹೇಳಬೇಕಾ? ವೋಲ್ಟೇಜ್ ಇಳಿದರೆ ದೀಪ ಕೆಂಪಾಗುತ್ತದೆ, ನೀಲಿ ಕಡೆ ಸಿಗ್ನಲ್ ಬಿದ್ದೇ ಹೋಗುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕಿ, ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟ ಮೇಲೆ ಬೆಳಕು ಸ್ಥಿರವಾಯಿತು. ಫೈಬರ್ ಫೈಬರಿಗೆ ಮಾತ್ರ ಹೊಂದಲಿಲ್ಲ. ಪೇಪರಿನ ಬೆಳಕು ಎಲ್ಲ ಕೋನದಿಂದಲೂ ನುಗ್ಗುತ್ತದೆ, ಕನ್ನಡಿಯ ಬೆಳಕು ಎಫ್/5ರ ಕಿರಿದಾದ ಕೋನದಲ್ಲಷ್ಟೇ ಬರುತ್ತದೆ.

ಬಿಳಿ ಎಲ್‌ಇಡಿಯನ್ನೂ ಹಚ್ಚಿ ನೋಡಿದೆ. 450 ನ್ಯಾನೊಮೀಟರ್ (ಬೆಳಕಿನ ತರಂಗಾಂತರದ ಅಳತೆ) ಹತ್ತಿರ ದಿಬ್ಬ, 480ರ ಹತ್ತಿರ ತಗ್ಗು. ನಮ್ಮ ಎಚ್-ಬೀಟಾ, ಅಂದರೆ ಹೈಡ್ರೋಜನ್‌ನ ನೀಲಿ-ಹಸಿರು ಗೆರೆ, ಬರುವುದೂ ಅಲ್ಲೇ! ದೂರದರ್ಶಕದ ಟ್ಯೂಬಿನ ಬಾಯಿಗೆ ಬಿಳಿ ಪಂಚೆ ಕಟ್ಟಿದ್ದೂ ಆಯಿತು. ಬಟ್ಟೆ ಬೆಳ್ಳಗೆ ಹೊಳೆಯಲಿ ಅಂತ ಸೋಪಿನ ಪುಡಿಯಲ್ಲಿ ಹಾಕುವ ವಸ್ತು ತಾನೇ ನೀಲಿ ಬೆಳಕು ಸೂಸುತ್ತದೆ. ಪಂಚೆ ವಾಪಸ್ ಕಪಾಟು ಸೇರಿತು.

ಕೊನೆಗೆ ಕೆಲಸ ಹಂಚಿದೆ. ಕ್ಯಾಮೆರಾದ ಪಿಕ್ಸೆಲ್‌ಗಳ ಏರುಪೇರಿಗೆ ದೀಪ, ಫೈಬರ್‌ಗಳ ನಡುವಿನ ಹೆಚ್ಚುಕಡಿಮೆಗೆ ಸಂಜೆಯ ಆಕಾಶ. ಸೂರ್ಯನ ಗೆರೆಗಳು ಏಳರಲ್ಲೂ ಒಂದೇ, ಒಂದು ಫೈಬರನ್ನು ಇನ್ನೊಂದರಿಂದ ಭಾಗಿಸಿದರೆ ಹೋಗುತ್ತವೆ. ಉಳಿದ ಚೂರುಪಾರು ಸ್ಮೂತ್ ಮಾಡಿದರೆ ಮುಗಿಯಿತು. ಆಕಾಶ ಪಶ್ಚಿಮಕ್ಕೆ ಜಾಸ್ತಿ ಬೆಳಗಿರುತ್ತದೆ, ನಿಜ. ಆದರೆ ನಮ್ಮ ಬಂಡಲ್ ನೋಡುವುದೇ ಎರಡೂವರೆ ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಆರ್ಕ್‌ಮಿನಿಟ್), ಅಷ್ಟರಲ್ಲಿ ಏನು ಫರಕು ಬರುತ್ತದೆ? ನಾನು ನೆತ್ತಿಯಿಂದ ಸ್ವಲ್ಪ ಪೂರ್ವಕ್ಕೆ ತಿರುಗಿಸಿ, ಆಕಾಶದ ಜೊತೆ ದೂರದರ್ಶಕ ತಿರುಗಿಸುವ ಮೋಟಾರ್ ಆಫ್ ಮಾಡಿ ತೆಗೆಯುತ್ತೇನೆ. ನಡುವೆ ನಕ್ಷತ್ರ ಬಂದರೆ ಹಲವು ಚಿತ್ರಗಳ ಮೀಡಿಯನ್‌ನಲ್ಲಿ (ನಡುವಿನ ಬೆಲೆಯಲ್ಲಿ) ಹೋಗುತ್ತದೆ. ಚಿಲಿಯ ದೈತ್ಯ ದೂರದರ್ಶಕ ವಿಎಲ್‌ಟಿಯಲ್ಲಿರುವ ಮ್ಯೂಸ್ ಸ್ಪೆಕ್ಟ್ರೋಗ್ರಾಫ್‌ಗೂ ದೀಪದ ಫ್ಲಾಟ್ ಬೇರೆ, ಸಂಜೆಯ ಫ್ಲಾಟ್ ಬೇರೆ. ನಕ್ಕವರಿಗೆ ಇದನ್ನು ಎರಡು ಸಲ ಹೇಳಿದ್ದೇನೆ.

ಫ್ಲಾಟ್ ಆದ ಮೇಲೆ ಫೈಬರ್ ಅಲುಗಬಾರದು. ಎಲ್ಲೋ ಒಂದು ಕಡೆ ಬಿಗಿಯಾಗಿ ಬಾಗಿದರೂ ನಾಲ್ಕೈದು ಪರ್ಸೆಂಟ್ ಹೋಯಿತು ಅಂತಲೇ ಲೆಕ್ಕ. ನಾನು ಅದನ್ನು ಟ್ಯೂಬಿಗೆ ಹೇಗೆ ಕಟ್ಟಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊಳೆಯುವ ಅನಿಲದ ಮೋಡವಾದ ಒರಾಯನ್ ನೆಬ್ಯುಲಾದಲ್ಲಿ ಎಲ್ಲಿ ತೋರಿಸಿದರೂ ಮಂಕಾಗಿರುತ್ತಿದ್ದ ಮೂರನೇ ಫೈಬರ್ ಈಗ ಪಕ್ಕದವುಗಳ ಜೊತೆ ಸರಿಯಾಗಿ ಕೂರುತ್ತದೆ. 420 ನ್ಯಾನೊಮೀಟರ್ ಕೆಳಗೆ ಮಾತ್ರ ಹ್ಯಾಲೊಜನ್ ಬೆಳಕು ಸಾಲದು. ಅಲ್ಲಿ ದೀಪದ ಫ್ಲಾಟಿನಿಂದ ಭಾಗಿಸಿದರೆ ನಾಯ್ಸೇ ಜಾಸ್ತಿ, ಹಾಗಾಗಿ ಆ ತುಂಡನ್ನು ಕತ್ತರಿಸಿ ಬಿಡುತ್ತೇನೆ.